ಎರಡು ಸುತ್ತು, ಒಂದು ಕಿಡಿ

ಅಲ್ಲ ಪುಟ್ಟಿ, ಮೊದಲ ಸಾಲಿನಲ್ಲೇ ತಪ್ಪು ಬರೆದುಕೊಂಡೆಯಲ್ಲ. ಮೋಟರ್ ಸೈಕಲ್ ರಿಪೇರಿ ಮಾಡಿದ್ದು ನಿನ್ನ ಚಿಕ್ಕಜ್ಜ ಅಲ್ಲ, ಚಿಕ್ಕಜ್ಜಿ. ಎಲ್ಲರೂ ಹೀಗೇ ತಿಳಿಯುತ್ತಾರೆ ಬಿಡು. ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಂತರೆ ಸಾಕು, ಹಿಂದೆ ಕುಳಿತ ಚಿಕ್ಕಜ್ಜನ ಕಡೆ ತಿರುಗಿ "ಎಷ್ಟು ಚೆನ್ನಾಗಿ ಇಟ್ಟಿದೀರಿ ಸಾರ್" ಎನ್ನುತ್ತಾರೆ. ಅವರು ಮುಂದೆ ಕುಳಿತವಳ ಬೆನ್ನಿಗೆ ಬೆರಳು ತೋರಿಸುತ್ತಾರೆ. ಆ ಸಾಲು ಹೊಡೆದುಹಾಕು, ಹೊಸದಾಗಿ ಶುರು ಮಾಡೋಣ. ನಡುವೆ ಬೇರೆ ಮಾತು ನುಸುಳಿದರೆ ಅದನ್ನೂ ಬರೆದುಕೋ, ಆಮೇಲೆ ಬೇಡದ್ದನ್ನು ತೆಗೆದರಾಯಿತು.

ಚಿಕ್ಕಜ್ಜಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಮಿಷನ್ ರಿಪೇರಿ ಮಾಡಿದವಳು. ಹೊಲಿದವಳಲ್ಲ, ಅದು ನೆನಪಿರಲಿ. ಕಿತ್ತುಹೋದ ಗುಂಡಿ ಹಾಕಿಕೊಡು ಎಂದರೆ ಇವತ್ತಿಗೂ ದಾರ ಸಿಕ್ಕು ಮಾಡಿಕೊಂಡು ಕೂರುತ್ತಾಳೆ. ಆದರೆ ಎಂಬತ್ತು ಮಿಷನ್ನು ಒಟ್ಟಿಗೆ ಓಡುವ ಹಾಲಿನಲ್ಲಿ ಕಣ್ಣು ಮುಚ್ಚಿ ನಿಂತು, "ಆ ಕಿಟಕಿ ಪಕ್ಕದ್ದು ಎಣ್ಣೆ ಕೇಳ್ತಿದೆ ನೋಡಿ" ಎನ್ನುತ್ತಿದ್ದಳು. ಹೋಗಿ ನೋಡಿದರೆ ಹೌದು. ಹೆಸರು ಹಿಡಿದು ಅವಳನ್ನು ಕರೆದವರೇ ಇಲ್ಲ, ಊರಿಗೆಲ್ಲ ಮಿಷನಕ್ಕ. ಎತ್ತರ ನಾಲ್ಕು ಅಡಿ ಹತ್ತು ಇಂಚು. ಹಠವನ್ನು ಅಳೆಯುವ ಟೇಪು ಯಾವ ದರ್ಜಿಯ ಹತ್ತಿರವೂ ಇಲ್ಲ.

ಚಿಕ್ಕಜ್ಜ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಸ್ಕೇಲು ಇಲ್ಲದೆ ಎಳೆದ ಗೆರೆ ಸ್ಕೇಲು ಇಟ್ಟು ಎಳೆದದ್ದಕ್ಕಿಂತ ನೆಟ್ಟಗಿರುತ್ತಿತ್ತು. ಅವರಿಗೆ ಜೀವಕ್ಕೆ ಜೀವ ಎಂದರೆ ಆ ಮೋಟರ್ ಸೈಕಲ್. ದೂರದ ಪ್ರಯಾಣಕ್ಕೆಂದೇ ಮಾಡಿದ ಹಳೆಯ ಕಾಲದ ಭಾರೀ ಗಾಡಿ. ಅಗಲವಾದ ಟ್ಯಾಂಕು, ಒಂದೇ ಒಂದು ದೊಡ್ಡ ಸಿಲಿಂಡರು, ಹಿಂದೆ ಎರಡೂ ಬದಿಗೆ ತಗಡಿನ ಪೆಟ್ಟಿಗೆ. ರಜೆ ಸಿಕ್ಕಿತೋ, ಒಂದು ಪೆಟ್ಟಿಗೆಯಲ್ಲಿ ಇಬ್ಬರ ಬಟ್ಟೆ, ಇನ್ನೊಂದರಲ್ಲಿ ಬಣ್ಣದ ಡಬ್ಬಿ ಮತ್ತು ಕುಂಚ. ದಾರಿಯಲ್ಲಿ ಯಾವುದಾದರೂ ಹೋಟೆಲಿನ ಬೋರ್ಡು ಮಾಸಿದ್ದು ಕಂಡರೆ ಚಿಕ್ಕಜ್ಜ ಇಳಿದು ಬರೆದುಕೊಡುವರು, ಅಂದಿನ ಊಟ ಮತ್ತು ಕೋಣೆ ಅಲ್ಲೇ. ಹೀಗೆ ಸುತ್ತದ ಜಾಗವಿಲ್ಲ. ಆದರೆ ಒಂದು ಮಾತು, ಅವರು ಗಾಡಿ ಓಡಿಸಿದವರು, ಒರೆಸಿದವರು, ಸ್ಪ್ಯಾನರು ಹಿಡಿದವರಲ್ಲ. ಬಿಚ್ಚುವುದೆಲ್ಲ ಗ್ಯಾರೇಜಿನ ಮುದುಕನ ಕೆಲಸ. ಆ ಮುದುಕ ತೀರಿಕೊಂಡ. ಅಷ್ಟರಲ್ಲೇ ಚಿಕ್ಕಜ್ಜನ ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ಎರಡೂ ಪಕ್ಕದ ನೋಟ ಹೋಯಿತು. ನೇರಕ್ಕೆ ಎಲ್ಲ ಕಾಣುತ್ತದೆ, ಪಕ್ಕಕ್ಕೆ ಏನೂ ಇಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಇನ್ನು ಗಾಡಿ ಮುಟ್ಟಬೇಡಿ ಎಂದರು ಕಣ್ಣಿನ ಡಾಕ್ಟರು.

ಅವತ್ತಿನಿಂದ ಏಳು ವರ್ಷ ಗಾಡಿ ಹಿತ್ತಲಿನ ಶೆಡ್ಡಿನಲ್ಲಿ ಹೊದಿಕೆಯಡಿ ನಿಂತಿತು. ಚಿಕ್ಕಜ್ಜನೂ ಮನೆಯಲ್ಲೇ ನಿಂತರು. ಬಸ್ಸು ಹತ್ತಿದರೆ ಪಕ್ಕದಿಂದ ಯಾರು ಬಂದರೂ ಬೆಚ್ಚಿ ಬೀಳುತ್ತಿದ್ದರು, ಹಾಗಾಗಿ ಬಸ್ಸೂ ಬೇಡವಾಯಿತು. ಇಬ್ಬರೂ ಸೇರಿ ಎಲ್ಲಿಗಾದರೂ ಹೋದದ್ದು ಎಂದರೆ ಹಲ್ಲಿನ ಡಾಕ್ಟರ ಹತ್ತಿರಕ್ಕೆ ಮಾತ್ರ.

ಆ ಹಲ್ಲಿನ ಡಾಕ್ಟರಿಗೆ ಹಳೆಯ ಗಾಡಿ ಕೂಡಿಡುವ ಹುಚ್ಚು. ಚಿಕ್ಕಜ್ಜಿಯ ದವಡೆ ಹಲ್ಲು ಕೀಳುತ್ತಿದ್ದ ದಿನ, ಅವಳ ಬಾಯಿ ತೆರೆದೇ ಇದ್ದಾಗ, ಅದರೊಳಗೆ ಹತ್ತಿ ತುಂಬಿದ್ದಾಗ, ಅವಳ ತಲೆಯ ಮೇಲಿಂದಲೇ ಡಾಕ್ಟರೂ ಚಿಕ್ಕಜ್ಜನೂ ಗಾಡಿಯ ವ್ಯಾಪಾರ ಮುಗಿಸಿದರು. ಡಾಕ್ಟರು ಹೊಸ ಶೆಡ್ಡು ಕಟ್ಟಿಸುತ್ತಿದ್ದರು. ಅದು ಮುಗಿದ ಮೇಲೆ, ವರ್ಷದ ಕೊನೆಯ ತಿಂಗಳ ಮೊದಲ ಸೋಮವಾರ ಲಾರಿ ತಂದು ಒಯ್ಯುವುದು ಎಂದಾಯಿತು. "ತುಕ್ಕು ಇದ್ರೂ ಚಿಂತೆ ಇಲ್ಲ, ಒಂದು ಬೋಲ್ಟೂ ಬದಲಾಗಿರಬಾರದು ಅಷ್ಟೇ" ಎಂದರು ಡಾಕ್ಟರು. ಚಿಕ್ಕಜ್ಜಿ "ಆಂ... ಆಂ..." ಎಂದಳು. "ನೋವಾ? ಆಯ್ತು ಆಯ್ತು, ಇನ್ನೇನು ಬಂತು" ಎಂದು ಅವರು ಇಕ್ಕಳ ಹಾಕಿದರು.

ಮನೆಗೆ ಬಂದು ಹತ್ತಿ ಉಗಿದ ಮರುಕ್ಷಣವೇ ಶುರುವಾಯಿತು.

"ನನ್ನ ಹಲ್ಲು ಕಿತ್ತಿದ್ದು ಸಾಲದು ಅಂತ ಗಾಡೀನೂ ಕಿತ್ತು ಕೊಟ್ಟುಬಿಟ್ರಾ?"

"ಓಡಿಸೋರು ಯಾರೇ? ಸುಮ್ನೆ ತುಕ್ಕು ಹಿಡೀತಾ ಇದೆ."

"ನಾನು ಓಡಿಸ್ತೀನಿ. ನೀವು ಹಿಂದೆ ಕೂತ್ಕೊಳ್ಳಿ."

ಚಿಕ್ಕಜ್ಜ ಏಳು ವರ್ಷದಲ್ಲಿ ಅಷ್ಟು ಜೋರಾಗಿ ನಕ್ಕಿರಲಿಲ್ಲ. "ನೀನಾ? ಕಾರ್ಖಾನೆಗೆ ಹೋಗ್ತಿದ್ದ ಆ ಸಣ್ಣ ಗಾಡಿ ಬೇರೆ, ಇದು ಬೇರೆ. ಇದರ ಮೇಲೆ ಕೂತ್ರೆ ನಿನ್ನ ಕಾಲು ನೆಲಕ್ಕೆ ತಾಗುತ್ತೇನೇ?"

"ತಾಗೋ ಹಾಗೆ ಮಾಡ್ಕೋತೀನಿ."

ನಗು ನಿಂತಿತು. "ಅದನ್ನ ಕತ್ತರಿಸೋಕೆ ಮಾತ್ರ ಬಿಡಲ್ಲ."

ಎರಡು ದಿನ ಅವರು ಗೆದ್ದರೋ ಇವಳು ಗೆದ್ದಳೋ ಎನ್ನುವಂತೆ ನಡೆದು ಕೊನೆಗೆ ಒಪ್ಪಂದವಾಯಿತು. ಡಾಕ್ಟರ ಲಾರಿ ಬರುವ ಮೊದಲು ಚಿಕ್ಕಜ್ಜಿ ಗಾಡಿ ಸ್ಟಾರ್ಟ್ ಮಾಡಿ, ಚಿಕ್ಕಜ್ಜನನ್ನು ಹಿಂದೆ ಕೂರಿಸಿಕೊಂಡು ಬೀದಿಯ ಕೊನೆಗೆ ಹೋಗಿ ಬರಬೇಕು. ಬಂದರೆ ಗಾಡಿ ಮನೆಯಲ್ಲೇ. ಇಲ್ಲದಿದ್ದರೆ ಡಾಕ್ಟರಿಗೆ, ಆಮೇಲೆ ಆ ವಿಷಯ ಎತ್ತಬಾರದು. ಏನು ಬೇಕಾದರೂ ಬಿಚ್ಚಬಹುದು, ಚಾಸಿಗೆ, ಅಂದರೆ ಗಾಡಿಯ ಎಲುಬುಗೂಡಿಗೆ, ಗರಗಸ ಮುಟ್ಟಿಸುವಂತಿಲ್ಲ. ಅವಳ ಕೈಯಲ್ಲಿ ಒಂಬತ್ತು ತಿಂಗಳಿತ್ತು. ಒಂಬತ್ತು ತಿಂಗಳು ಎಂದಾಗ ಬೀದಿಯ ಹೆಂಗಸರೆಲ್ಲ ಏನೇನು ತಮಾಷೆ ಮಾಡಿದರು ಎನ್ನುವುದನ್ನು ಬರೆಯಬೇಡ.

ಅವಳ ಕೆಲಸದ ರೀತಿ ನೋಡಬೇಕಿತ್ತು ನೀನು. ಕಾರ್ಖಾನೆಯಲ್ಲಿ ಕತ್ತರಿಸಿದ ತೋಳು, ಕಾಲರು, ಜೇಬು ಎಲ್ಲವನ್ನೂ ಕಟ್ಟು ಕಟ್ಟಿ ನಂಬರಿನ ಚೀಟಿ ಸಿಕ್ಕಿಸುತ್ತಾರಲ್ಲ, ಇವಳೂ ಬಿಚ್ಚಿದ ಬೋಲ್ಟು, ನಟ್ಟು, ವಾಷರುಗಳನ್ನು ಹಳೆಯ ಬಟ್ಟೆಚೂರಿನಲ್ಲಿ ಗಂಟು ಕಟ್ಟಿ, ಗಂಟಿಗೊಂದು ಚೀಟಿ ಹೊಲಿದು, ಮೊಟ್ಟೆಯ ಟ್ರೇಗಳಲ್ಲಿ ಸಾಲಾಗಿಟ್ಟಳು. ಚೀಟಿಯ ಅಕ್ಷರ ಚಿಕ್ಕಜ್ಜನದು. "ಮುಂದಿನ ಬ್ರೇಕು, ಎಡ" ಎನ್ನುವುದನ್ನು ಕೂಡ ಅವರು ಬಟ್ಟೆ ಅಂಗಡಿಯ ಬೋರ್ಡಿನಂತೆ ನೆರಳು ಕೊಟ್ಟು ಬರೆಯುತ್ತಿದ್ದರು. ಎಂಜಿನ್ನು ನಡುಮನೆಯ ಮೇಜಿನ ಮೇಲೆ ಬಂತು, ಊಟ ಅಡುಗೆಮನೆಯ ಕಟ್ಟೆಗೆ ಹೋಯಿತು. ಟ್ಯಾಂಕಿನೊಳಗಿನ ತುಕ್ಕು ಬಿಡಿಸಲು ಒಂದು ಹಿಡಿ ಸಣ್ಣ ನಟ್ಟು ಮತ್ತು ಸೀಮೆಎಣ್ಣೆ ಹಾಕಿ ಅಲ್ಲಾಡಿಸಬೇಕು. ಅದು ಚಿಕ್ಕಜ್ಜನ ಪಾಲಿನ ಕೆಲಸ. ಹಳೆಯ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತೂಗುತ್ತ ಕೂರುತ್ತಿದ್ದರು. ಸ್ವಂತ ಮಕ್ಕಳನ್ನು ಅಷ್ಟು ತೂಗಿದ್ದು ಯಾರೂ ಕಂಡಿಲ್ಲ. ಮಾತು ಕೂಡ ಮರಳಿತು. ಯಾವ ಬೋಲ್ಟು ಬಿಚ್ಚಿದರೂ ಅದಕ್ಕೊಂದು ಕತೆ. ಈ ಗೀರು ಬಿದ್ದದ್ದು ಆ ಸೇತುವೆಯಲ್ಲಿ, ಈ ತಗ್ಗಾದದ್ದು ಕುರಿಗಳು ಅಡ್ಡ ಬಂದಾಗ.

ಎಲ್ಲ ತೊಳೆದು, ಉಜ್ಜಿ, ಸವೆದದ್ದನ್ನು ಬದಲಿಸಿ, ಡಾಕ್ಟರಿಗೆ ಬೇಕಾದರೆ ಇರಲಿ ಎಂದು ಹಳೆಯದನ್ನೂ ಜೋಪಾನ ಮಾಡಿಟ್ಟ ಮೇಲೆ ಚಿಕ್ಕಜ್ಜಿ ಟ್ರಯಲ್ ನೋಡಿದಳು. ಅಂಗಿಯನ್ನು ಪೂರ್ತಿ ಹೊಲಿಯುವ ಮೊದಲು ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುವುದಿಲ್ಲವೇ, ಹಾಗೆ. ಬಣ್ಣ ಬಳಿಯದ ಚಾಸಿಗೆ ಚಕ್ರ, ಎಂಜಿನ್ನು, ಸೀಟು ಕೂರಿಸಿ ಅಂಗಳದಲ್ಲಿ ನಿಲ್ಲಿಸಿದಳು. ಹಿಂದಿನ ಶಾಕ್ ಅಬ್ಸಾರ್ಬರ್ ಗಿಡ್ಡದ್ದು ಹಾಕಿದ್ದಳು, ಸೀಟಿನ ಸ್ಪಂಜು ಕೆತ್ತಿದ್ದಳು, ಆದರೂ ಹೆಬ್ಬೆರಳಿನ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಗರಗಸ ಮುಟ್ಟಿಸುವಂತಿಲ್ಲವಲ್ಲ. ಅದಕ್ಕೆ ತನ್ನ ಬೂಟಿಗೆ ಮೂರು ಪದರ ರಬ್ಬರು ಅಂಟಿಸಿಕೊಂಡು ಬಂದಳು. ನಡೆದರೆ ಮೆಟ್ಟಿಲು ಮೆಟ್ಟಿಲು ಹತ್ತಿದಂತಿತ್ತು.

"ನೋಡಿ, ಈಗ ಎಷ್ಟು ಎತ್ತರ ಇದೀನಿ!" ಎಂದು ಗಾಡಿ ಏರಿದಳು. ಚಿಕ್ಕಜ್ಜ ಮುಂದಿನ ಚಕ್ರದ ಎದುರು ನಿಂತು ಹ್ಯಾಂಡಲ್ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. "ಸ್ವಲ್ಪ ಎಡಕ್ಕೆ" ಎಂದರು. ಅವಳು ಎಡಗಾಲು ಊರಿದಳು, ರಬ್ಬರಿನ ಅಂಚು ಮಡಚಿಕೊಂಡಿತು, ಗಾಡಿ ನಿಧಾನವಾಗಿ ಮಗ್ಗುಲಾಯಿತು. ಅದರ ಜೊತೆ ಅವಳೂ. ಚಿಕ್ಕಜ್ಜನ ಎದುರಿನಿಂದ ಹೆಂಡತಿಯೂ ಗಾಡಿಯೂ ಒಟ್ಟಿಗೆ ಮಾಯ.

"ಏ, ಎಲ್ಲೋದೆ?"

"ಇಲ್ಲೇ ಇದೀನಿ! ನಿಮ್ಮ ಕಾಲ ಬುಡದಲ್ಲಿ!"

ಅವರು ತಲೆ ತಿರುಗಿಸಿ ತಿರುಗಿಸಿ ಹುಡುಕಿದರು. ಕಾಲಿನ ಪಕ್ಕದಲ್ಲೇ ಬಿದ್ದವಳನ್ನು ಕಾಣಲು ಅಷ್ಟು ಹೊತ್ತು ಹಿಡಿಯಿತು. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಇಬ್ಬರೂ ಸೇರಿ ಗಾಡಿ ಎತ್ತಿದರು. ಚಿಕ್ಕಜ್ಜಿ ನಗುತ್ತಿದ್ದಳು, ಚಿಕ್ಕಜ್ಜ ನಗಲಿಲ್ಲ.

ಮರುದಿನ ಅವಳು ಎದ್ದು ಅಂಗಳಕ್ಕೆ ಬಂದರೆ ಚಿಕ್ಕಜ್ಜ ಗಾಡಿಯ ಸೀಟು ತೆಗೆದಿಟ್ಟು, ಅದರಡಿಯ ಚಾಸಿಯ ಎರಡು ಕೊಳವೆಗಳ ಎದುರು ಮಣೆ ಹಾಕಿಕೊಂಡು ಕುಳಿತಿದ್ದಾರೆ. ಕೈಯಲ್ಲಿ ಅತಿ ಸಣ್ಣ ಕುಂಚ. ಎರಡು ಕೊಳವೆಗೂ ಸುತ್ತ ಬಿಳಿ ಗೆರೆ ಎಳೆದಿದ್ದಾರೆ, ಕೂದಲೆಳೆಯಷ್ಟು ತೆಳ್ಳಗೆ. ಅದರಿಂದ ಮೂರು ಬೆರಳು ಕೆಳಗೆ ಇನ್ನೆರಡು.

"ಇದೇನ್ರೀ?"

"ಇಲ್ಲಿಂದ ಇಲ್ಲಿಗೆ ಕತ್ತರಿಸು. ವಕ್ರ ಮಾಡಿದ್ರೆ ನೋಡು ಮತ್ತೆ."

ಅವಳು ಒಳಗೆ ಹೋಗಿ ಎರಡು ಲೋಟ ಚಹಾ ತಂದಳು. ಗೇಟು ಮಾಡುವ ವೆಲ್ಡಿಂಗಿನವನನ್ನು ಕರೆಸಿದ್ದಾಯಿತು. ಅವನು ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಅಕ್ಕಾ, ಈ ಗೆರೆ ನೋಡಿದ್ರೆ ಗರಗಸ ಇಡೋಕೇ ಮನಸ್ಸು ಬರಲ್ಲ. ಬೇರೆ ಗೆರೆ ಎಳ್ಕೊಡಿ, ಸೊಟ್ಟಗೆ." ಕೊನೆಗೂ ಕತ್ತರಿಸಿ, ತಗ್ಗಿಸಿ, ಕೂಡಿಸಿ, ಒಳಗೆ ಉಕ್ಕಿನ ತುಂಡು ಕೊಟ್ಟು ಭದ್ರ ಮಾಡಿದ. ಚಿಕ್ಕಜ್ಜ ಅಷ್ಟು ಹೊತ್ತೂ ಅಡುಗೆಮನೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕುಳಿತಿದ್ದರು.

ಇನ್ನು ಡಾಕ್ಟರಿಗೆ ಅದು ಬೇಡದ ಗಾಡಿ. ಓಡಿದರೆ ಇವರದು, ಓಡದಿದ್ದರೆ ಗುಜರಿಯವನದು. ಇಬ್ಬರಿಗೂ ಅದು ಗೊತ್ತಿತ್ತು.

ಆಮೇಲೆ ಮಾರ್ಪಾಡು ಒಂದೇ ಎರಡೇ. ಹ್ಯಾಂಡಲ್ಲು ಅವಳ ಕಡೆಗೆ ಬಾಗಿತು. ಕಿಕ್ಕರ್ ಉದ್ದವಾಯಿತು, ಅವಳ ಹಗುರ ಮೈಯ ಭಾರಕ್ಕೂ ತಿರುಗಲಿ ಎಂದು. ಚಿಕ್ಕಜ್ಜನಿಗೆ ಬೆನ್ನು ಆನಿಸಿಕೊಳ್ಳುವ ದಿಂಬು ಬಂತು, ಪಕ್ಕದಲ್ಲಿ ಹಿಡಿಯಲು ಹಿಡಿ ಬಂತು. ಆ ಹಿಡಿಯ ತುದಿಗೆ ಇನ್ನೊಂದು ಹಾರ್ನಿನ ಗುಂಡಿ.

"ಹಿಂದೆ ಕೂತವನಿಗೆ ಹಾರ್ನ್ ಯಾಕೇ?"

"ಬಾಯಿ ಹಾಕೋ ಬದಲು ಅದನ್ನ ಹಾಕ್ತಿರಿ."

ಗಾಡಿ ಕೂಡಿಸಿ ಮುಗಿದಾಗ ಡಾಕ್ಟರು ಬರಲು ಒಂಬತ್ತು ದಿನ ಉಳಿದಿತ್ತು. ಟ್ಯಾಂಕಿನ ಬಣ್ಣದ ಕೆಲಸ ಇನ್ನೂ ನಡೆದಿತ್ತು, ಅದಕ್ಕೆ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಗೂಟಕ್ಕೆ ತೂಗಿಸಿ, ಕೊಳವೆ ಕೊಟ್ಟು, ಕಿಕ್ಕರ್ ತುಳಿದಳು.

ಢಂ!

ಸೈಲೆನ್ಸರಿನಿಂದ ಬೆಂಕಿ ಬಂತು. ಎದುರುಮನೆಯ ಬೆಕ್ಕು ಎರಡು ದಿನ ಪತ್ತೆಯಿರಲಿಲ್ಲ. ಮತ್ತೆ ತುಳಿದಳು, ಕಿಕ್ಕರ್ ಎದುರೊದೆ ಕೊಟ್ಟು ಮೊಣಕಾಲಿನ ಕೆಳಗೆ ಬಾರಿಸಿತು. ಪ್ಲಗ್ ಬದಲಿಸಿದಳು. ಕಾರ್ಬುರೇಟರನ್ನು ಮೂರು ಸಲ ಬಿಚ್ಚಿ ಊದಿದಳು. ಕಿಡಿ ಬರುತ್ತಿದೆ, ಪೆಟ್ರೋಲ್ ಬರುತ್ತಿದೆ, ಗಾಡಿ ಮಾತ್ರ ಢಂ ಎನ್ನುವುದು ಬಿಟ್ಟು ಬೇರೆ ಮಾತಾಡದು. ಗಾಡಿಯ ಜೊತೆ ಬಂದಿದ್ದ ಪುಸ್ತಕದಲ್ಲಿ ಬೇಕಾದ ಹಾಳೆಗಳನ್ನೇ ಇಲಿ ಹರಿದುಹಾಕಿತ್ತು. ಬೇರೆ ಗ್ಯಾರೇಜಿನವರನ್ನು ಕೇಳೋಣ ಎಂದರೆ ಮುಖ ಊದಿಸಿದಳು. "ಮಿಷನ್ ಅಂದ್ರೆ ಮಿಷನ್ನೇ. ನಂಗೆ ಇನ್ನೊಬ್ರು ಹೇಳ್ಕೊಡಬೇಕಾ?"

ಐದು ದಿನ ಕಳೆಯಿತು. ಆರನೆಯ ದಿನ ಚಿಕ್ಕಜ್ಜ ತಡೆಯಲಾರದೆ "ಕತ್ತರಿಸಿದ್ದಕ್ಕೆ ಮುನಿಸ್ಕೊಂಡಿದೆಯೋ ಏನೋ" ಎಂದುಬಿಟ್ಟರು. ತಮಾಷೆಗೇ ಎಂದದ್ದು. ಅವಳು ಆ ಹೊತ್ತು ಊಟ ಮಾಡಲಿಲ್ಲ. ಅವರೂ ಮಾಡಲಿಲ್ಲ. ಮಾಡಿಟ್ಟ ಪಲ್ಯದ ಯೋಗ ಬೀದಿನಾಯಿಗೆ.

ಶನಿವಾರ ಬೆಳಿಗ್ಗೆ, ಇನ್ನು ಎರಡೇ ದಿನ ಎನ್ನುವಾಗ, ಅವಳಿಗೆ ಸಿಲಿಂಡರಿನಲ್ಲಿ ಗಾಳಿ ನಿಲ್ಲುತ್ತಿಲ್ಲವೇನೋ ಎಂಬ ಅನುಮಾನ ಬಂತು. ಪ್ಲಗ್ ಬಿಚ್ಚಿ, ಆ ತೂತಿನ ಮೇಲೆ ಚಿಕ್ಕಜ್ಜನ ಹೆಬ್ಬೆರಳು ಇಡಿಸಿದಳು. ತಾನು ಗೇರು ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಳು. ಒಳಗೆ ಪಿಸ್ಟನ್ನು ಮೇಲೆ ಬಂದಾಗಲೆಲ್ಲ ಎಂಜಿನ್ನಿನ ಪಕ್ಕದಲ್ಲಿ ಅದರ ಜೊತೆ ಸುತ್ತುವ ಸಣ್ಣ ಚಕ್ರದಲ್ಲಿ ಒಂದು ಗುರುತು ಕಾಣುತ್ತದೆ.

"ಗುರುತು ಬಂತು. ಬೆರಳನ್ನ ತಳ್ತಾ?"

"ತಳ್ತು. ಜೋರಾಗೇ."

"ಮತ್ತೆ ಬಂತು. ಈಗ?"

"ಇಲ್ಲ."

"ಸರಿಯಾಗಿ ಒತ್ತಿ ಹಿಡ್ಕೊಳ್ರೀ!"

"ನಲವತ್ತು ವರ್ಷ ಕುಂಚ ಹಿಡಿದ ಬೆರಳು ಇದು. ತಳ್ಳಿದ್ರೆ ತಳ್ತು ಅಂತೀನಿ, ಇಲ್ಲಾಂದ್ರೆ ಇಲ್ಲ."

"ಈಗ?"

"ತಳ್ತು."

"ಈಗ?"

"ಇಲ್ಲ."

ಚಿಕ್ಕಜ್ಜಿ ಚಕ್ರ ಬಿಟ್ಟಳು. ಮಗುಚಿ ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತಳು. ಆಮೇಲೆ ನಗಲು ಶುರು ಮಾಡಿದವಳು ಹೊಟ್ಟೆ ಹಿಡಿದುಕೊಂಡಳು. ಚಿಕ್ಕಜ್ಜ ಬೆರಳು ತೆಗೆಯದೆ ಹಾಗೇ ನಿಂತಿದ್ದರು, ತೆಗೆ ಎಂದು ಅವಳು ಹೇಳಿರಲಿಲ್ಲವಲ್ಲ.

"ಏನಾಯ್ತೇ?"

"ಮೂವತ್ತೊಂದು ವರ್ಷ ರೀ! ಹೊಲಿಗೆ ಮಿಷನ್ನು ಒಂದು ಸುತ್ತು ಸುತ್ತಿದ್ರೆ ಒಂದು ಹೊಲಿಗೆ. ಸೂಜಿ ಹೋದಷ್ಟು ಸಲಾನೂ ಕೆಲಸ. ಇದೂ ಹಾಗೇ ಅಂತ, ಪಿಸ್ಟನ್ ಮೇಲೆ ಬಂದಾಗ ಕಿಡಿ ಇಟ್ಟುಬಿಟ್ಟೆ. ಇದು ಎರಡು ಸುತ್ತು ಸುತ್ತಿ ಒಂದು ಸಲ ಕೆಲಸ ಮಾಡೋ ಸೋಮಾರಿ!"

"ಮತ್ತೆ ಇನ್ನೊಂದು ಸಲ ಸುಮ್ನೆ ಬರುತ್ತಾ?"

"ಹೊಗೆ ಹೊರಗೆ ಹಾಕೋಕೆ ಬರುತ್ತೆ. ನಾನು ಸರಿಯಾಗಿ ಆಗಲೇ ಕಿಡಿ ಕೊಟ್ಟಿದೀನಿ."

"ಓಹೋ" ಎಂದರು ಚಿಕ್ಕಜ್ಜ. "ಎದುರಿಗಿರೋನು ಕೆಮ್ಮೋವಾಗ ಬಾಯಿಗೆ ತುತ್ತು ಇಟ್ಟ ಹಾಗೆ."

ಬೆರಳನ್ನು ತಳ್ಳಿದ ಸುತ್ತಿನಲ್ಲೇ ಗುರುತು ನಿಲ್ಲಿಸಿ, ಕಿಡಿಯ ಹೊತ್ತನ್ನು ಅದಕ್ಕೆ ಕೂಡಿಸಲು ಅವಳಿಗೆ ಅರ್ಧ ಗಂಟೆ ಸಾಕಾಯಿತು. ಎರಡನೇ ತುಳಿತಕ್ಕೆ ಗಾಡಿ ಎದ್ದಿತು. ಡುಗ್, ಡುಗ್, ಡುಗ್, ಡುಗ್. ಅವಳು ಕಣ್ಣು ಮುಚ್ಚಿ ಕೇಳುತ್ತ ನಿಂತಳು. ಚಿಕ್ಕಜ್ಜ ಒಂದು ಕೈ ಹೆಡ್‌ಲೈಟಿನ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಮೂಗು ಒರೆಸಿಕೊಂಡರು. ಹೊಗೆ ಎಂದರು.

ಹಾಗಾದರೆ ಅವತ್ತೇ ಬೀದಿ ಸುತ್ತಿ ಬರಬಾರದಿತ್ತೇ? ಬರಬಹುದಿತ್ತು. ಆದರೆ ಟ್ಯಾಂಕಿನ ಮೇಲೆ ಚಿಕ್ಕಜ್ಜ ಹಿಂದಿನ ದಿನವಷ್ಟೇ ಹೊಂಬಣ್ಣದ ಗೆರೆ ಎಳೆದಿದ್ದರು. ಒಣಗುವವರೆಗೆ ಮುಟ್ಟಲು ಬಿಡಲಿಲ್ಲ.

"ಲಾರಿ ಬರೋ ದಿನವೇ ಒಣಗಬೇಕಾ ಅದು?"

"ಬಣ್ಣ ನನ್ನ ಮಾತು ಕೇಳಲ್ಲ, ನಿನ್ನ ಮಾತೂ ಕೇಳಲ್ಲ. ಬೆರಳಚ್ಚು ಬಿದ್ದ ಟ್ಯಾಂಕಿನ ಹಿಂದೆ ನಾನು ಕೂರಲ್ಲ."

ಸೋಮವಾರ ಬೆಳಿಗ್ಗೆ ಅವರು ಗೆರೆಯನ್ನು ಉಗುರಿನಿಂದ ಮುಟ್ಟಿ, ಹೂಂ ಎಂದರು. ಚಿಕ್ಕಜ್ಜಿ ಕಾರ್ಖಾನೆಯ ನೀಲಿ ಪ್ಯಾಂಟು ತೊಟ್ಟು, ಹೆಲ್ಮೆಟ್ ಬಿಗಿದು ಏರಿದಳು. ಚಿಕ್ಕಜ್ಜ ಹಿಂದೆ ಕುಳಿತು ದಿಂಬಿಗೆ ಬೆನ್ನು ಕೊಟ್ಟು, ಮೊದಲು ಹಾರ್ನ್ ಒತ್ತಿ ನೋಡಿದರು. ಗಾಡಿ ಗೇಟು ದಾಟಿತು. ಬೀದಿಯ ಕೊನೆಯ ತಿರುವಿಗೆ ಇನ್ನೇನು ಹತ್ತು ಗಜ ಎನ್ನುವಾಗ ಬಲದ ಸಂದಿಯಿಂದ ಒಂದು ಲಾರಿ ಮೂತಿ ತೂರಿಸಿ ಅಡ್ಡ ನಿಂತಿತು. ಪಕ್ಕದಿಂದ ಬಂದದ್ದು ಚಿಕ್ಕಜ್ಜನಿಗೆ ಕಾಣಲೇ ಇಲ್ಲ. ಚಿಕ್ಕಜ್ಜಿ ಎರಡೂ ಬ್ರೇಕು ಹಿಡಿದಳು, ಗಾಡಿ ನಿಂತಿತು, ಅವಳ ಎರಡು ಪಾದವೂ ಹಿಮ್ಮಡಿ ಸಮೇತ ನೆಲಕ್ಕೆ ಕೂತವು. ಗಾಡಿ ಒಂದಿಷ್ಟೂ ಅಲುಗಲಿಲ್ಲ.

ಲಾರಿಯಿಂದ ಇಳಿದವರು ಹಲ್ಲಿನ ಡಾಕ್ಟರೇ. ಗಾಡಿಯ ಸುತ್ತ ಒಂದು ಸುತ್ತು ಬಂದರು, ಸೀಟಿನಡಿಗೆ ಬಗ್ಗಿದರು, ಅಲ್ಲೇ ತಲೆಯ ಮೇಲೆ ಕೈ ಹೊತ್ತರು.

"ಅಯ್ಯೋ, ಗಟ್ಟಿಯಾಗಿರೋ ಹಲ್ಲನ್ನ ಯಾರಾದ್ರೂ ಅರ್ಧಕ್ಕೆ ಕತ್ತರಿಸ್ತಾರಾ?"

"ನೀವು ಉಜ್ಜಿ ಗಿಡ್ಡ ಮಾಡಿ ಟೋಪಿ ಹಾಕಲ್ವಾ ಡಾಕ್ಟ್ರೇ?" ಎಂದರು ಚಿಕ್ಕಜ್ಜ. "ಕಚ್ಚೋಕೆ ಬಂದ್ರೆ ಸರಿ. ಗಾಡಿ ಕೊಡಲ್ಲ, ಬೇಜಾರು ಮಾಡ್ಕೋಬೇಡಿ. ಲಾರಿ ಒಂಚೂರು ಹಿಂದಕ್ಕೆ ತೆಗೀರಿ, ನಾವು ತಿರುವು ಮುಟ್ಟಿ ವಾಪಸ್ ಹೋಗಬೇಕು, ಷರತ್ತು ಇದೆ." ಎಂದವರೇ ಹಾರ್ನ್ ಒತ್ತಿದರು.

ಲಾರಿ ಹಿಂದೆ ಸರಿಯಿತು, ಗಾಡಿ ತಿರುವು ಮುಟ್ಟಿ ಮರಳಿತು. ಡಾಕ್ಟರು ಒಳ್ಳೆಯವರು, ಬೇಸರವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲಿಲ್ಲ. ಮನೆಗೇ ಬಂದು ಚಹಾ ಕುಡಿದು, ಎಂಜಿನ್ನಿನ ಸದ್ದು ಮತ್ತೊಮ್ಮೆ ಕೇಳಿ, ಕೊನೆಗೆ ಮೆಲ್ಲಗೆ ಬಾಯಿ ಬಿಟ್ಟರು. "ಮಿಷನಕ್ಕಾ, ನನ್ನ ಶೆಡ್ಡಲ್ಲಿ ಹನ್ನೊಂದು ನಿಂತಿವೆ. ಒಂದೂ ಸ್ಟಾರ್ಟ್ ಆಗಲ್ಲ. ಬಂದು ನೋಡ್ತೀರಾ?"

"ನೋಡೋಣ. ನಾನು ನೋಡೋವಾಗ ನೀವು ಬಾಯಲ್ಲಿ ಹತ್ತಿ ಇಟ್ಕೊಂಡು ಕೂತಿರಬೇಕು, ಅಷ್ಟೇ."

ಈಗ ಅವುಗಳಲ್ಲಿ ಆರು ಎದ್ದಿವೆಯಂತೆ. ಉಳಿದ ಐದಕ್ಕೆ ಪುರುಸೊತ್ತಿಲ್ಲ ಅವಳಿಗೆ, ತಿಂಗಳಿಗೆ ಎರಡು ಸಲ ಇಬ್ಬರೂ ಪೆಟ್ಟಿಗೆ ತುಂಬಿಕೊಂಡು ಹೊರಡುತ್ತಾರಲ್ಲ. ಪೆಟ್ಟಿಗೆಗಳು ಹಳೆಯವೇ, ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಕುಂಚ. ಹೋದ ವಾರ ಯಾವುದೋ ಕ್ಷೌರದಂಗಡಿಯ ಬೋರ್ಡು ಬರೆದು ಬಂದರಂತೆ, ಚಿಕ್ಕಜ್ಜನಿಗೆ ಬಿಟ್ಟಿ ಕ್ಷೌರ. ಅದಿನ್ನೊಂದು ಕತೆ. ಗಂಟೆ ಎಷ್ಟಾಯಿತು? ಅಯ್ಯೋ, ನಾಲ್ಕಕ್ಕೆ ಬರುತ್ತೇವೆ ಎಂದಿದ್ದರು! ಪುಸ್ತಕ ಮುಚ್ಚು, ಓಡು. ಬೀದಿಯ ತುದಿಯಲ್ಲಿ ಹಾರ್ನ್ ಕೇಳಿಸುವುದರೊಳಗೆ ಗೇಟಿನ ಎರಡೂ ಬದಿಯ ಹೂಕುಂಡಗಳನ್ನು ಒಳಕ್ಕೆ ಸರಿಸಿಬಿಡು. ಹೋದ ಸಲ ಪೆಟ್ಟಿಗೆ ತಾಗಿ ದಾಸವಾಳದ್ದು ಒಡೆಯಿತು. ಚಿಕ್ಕಜ್ಜನಿಗೆ ಪಕ್ಕದ್ದು ಕಾಣುವುದಿಲ್ಲ. ಚಿಕ್ಕಜ್ಜಿಗೆ ಕಾಣುತ್ತದೆ, ಆದರೆ ನಿಧಾನ ಮಾಡುವವಳಲ್ಲ.